ಮೊದಲು ಗುಹೆ, ಆಮೇಲೆ ನದಿ: ವಲ್ಲೋಂ-ಪೋಂ-ದಾರ್ಕ್ ನೋಡುವ ಕ್ರಮ

ದಕ್ಷಿಣ ಫ್ರಾನ್ಸಿನ ಆರ್ದೆಶ್ ಜಿಲ್ಲೆಯಲ್ಲಿ, ಅದೇ ಹೆಸರಿನ ನದಿಯ ದಂಡೆಯಲ್ಲಿರುವ ವಲ್ಲೋಂ-ಪೋಂ-ದಾರ್ಕ್, ಎರಡೂವರೆ ಸಾವಿರಕ್ಕಿಂತ ಕಡಿಮೆ ಜನರಿರುವ ಹಳ್ಳಿಗಾಡಿನ ಊರು. ಮನುಷ್ಯ ಬರೆದ ಅತಿ ಹಳೆಯ ಚಿತ್ರಗಳ ಸಾಲಿಗೆ ಸೇರುವ ಶೋವೆ ಗುಹೆ ಇಲ್ಲಿದೆ. ನದಿಯೇ ಕೊರೆದು ನಿಲ್ಲಿಸಿದ ಬೃಹತ್ ಕಲ್ಲಿನ ಕಮಾನೂ ಇಲ್ಲಿದೆ. ಇವೆರಡನ್ನೂ ಸರಿಯಾಗಿ ನೋಡಲು ಒಂದೂವರೆ ದಿನ ಸಾಕು. ಆದರೆ ಬರುವವರಲ್ಲಿ ಬಹಳ ಮಂದಿ ಗುಹೆಯನ್ನು ಕಡೆಗೆ ಉಳಿಸಿಕೊಂಡು ಟಿಕೆಟ್ ಸಿಗದೆ ಮರಳುತ್ತಾರೆ, ಇಲ್ಲವೇ ದೋಣಿ ನಡೆಸುವುದನ್ನು ಕಲಿಯದೆಯೇ ನೀರಿಗಿಳಿದು ಮೊದಲ ಸೆಳವಿನಲ್ಲೇ ಮಗುಚಿಕೊಳ್ಳುತ್ತಾರೆ. ದಾಂಡೇಲಿಯ ಕಾಳಿ ನದಿಯಲ್ಲಿ ರ್‍ಯಾಫ್ಟಿಂಗ್ ಮಾಡಿದವರಿಗೂ ಈ ಎಚ್ಚರಿಕೆ ಅಗತ್ಯ, ಏಕೆಂದರೆ ಅಲ್ಲಿ ಆಜ್ಞೆ ಕೊಡಲು ರ್‍ಯಾಫ್ಟಿನಲ್ಲೇ ಒಬ್ಬ ಮಾರ್ಗದರ್ಶಿ ಇರುತ್ತಾನೆ, ಇಲ್ಲಿ ಇಬ್ಬರು ಕೂರುವ ಬಾಡಿಗೆ ದೋಣಿಯಲ್ಲಿ ನೀವಿಬ್ಬರೇ ಇರುತ್ತೀರಿ.

ಮೊದಲ ಹಂತ, ಕಾಲ ನಿಗದಿ ಮಾಡುವುದು. ಜೂನ್ ತಿಂಗಳನ್ನೇ ಆರಿಸಿ. ಜುಲೈ, ಆಗಸ್ಟ್‌ಗಳಲ್ಲಿ ನೀರು ತಗ್ಗಿ ದೋಣಿಯ ತಳ ಕಲ್ಲಿಗೆ ಉಜ್ಜುತ್ತದೆ, ಜೊತೆಗೆ ನದಿಯ ತುಂಬ ದೋಣಿಗಳ ದಟ್ಟಣೆ. ಸೆಪ್ಟೆಂಬರ್ ಸೊಗಸಾದ ತಿಂಗಳಾದರೂ ಮೇಲ್ಹರಿವಿನ ಸೆವೆನ್ ಎಂಬ ಬೆಟ್ಟಸಾಲಿನಲ್ಲಿ ಸುರಿಯುವ ಶರತ್ಕಾಲದ ಮಳೆಗೆ ಆರ್ದೆಶ್ ಕೆಲವೇ ಗಂಟೆಗಳಲ್ಲಿ ಉಕ್ಕಿ ಬರುತ್ತದೆ. 1890ರ ಸೆಪ್ಟೆಂಬರ್‌ನ ಮಹಾಪೂರವನ್ನು ಆ ಸೀಮೆಯವರು ಇಂದಿಗೂ ನೆನೆಯುತ್ತಾರೆ. ನೀರು ಮಿತಿ ಮೀರಿದ ದಿನ ದೋಣಿಗಳಿಗೆ ನಿಷೇಧವಿರುತ್ತದೆ, ಆಗ ಯಾರೊಡನೆಯೂ ವಾದಕ್ಕಿಳಿಯಬೇಡಿ. ಊರಿಗೆ ರೈಲು ಇಲ್ಲ. ಮೋಂಟೆಲಿಮಾರ್ ತನಕ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಅಥವಾ ಬಾಡಿಗೆ ಕಾರು ಹಿಡಿಯಬೇಕು.

ಎರಡನೆಯ ಹಂತ ಗುಹೆ. 1994ರ ಡಿಸೆಂಬರ್ 18ರಂದು ಜಾನ್-ಮಾರಿ ಶೋವೆ, ಎಲಿಯೆತ್ ಬ್ರುನೆಲ್ ಮತ್ತು ಕ್ರಿಸ್ತಿಯಾನ್ ಇಲೇರ್ ಎಂಬ ಮೂವರು ಗುಹಾನ್ವೇಷಕರು ಹೊಕ್ಕ ಮೂಲ ಗುಹೆಗೆ ಸಾರ್ವಜನಿಕರಿಗೆ ಪ್ರವೇಶ ಎಂದೂ ಇರಲಿಲ್ಲ, ಈಗಲೂ ಇಲ್ಲ. ನೋಡಲು ಸಿಗುವುದು ಊರಿನ ಸಮೀಪದ ಗುಡ್ಡದ ಮೇಲೆ 2015ರಲ್ಲಿ ತೆರೆದ ಪ್ರತಿಕೃತಿ. ‘ನಕಲಿಗೆ ಯಾಕೆ ದುಡ್ಡು’ ಎಂದು ಅದನ್ನು ಬಿಟ್ಟುಬರುವವರು ದೊಡ್ಡದನ್ನೇ ಕಳೆದುಕೊಳ್ಳುತ್ತಾರೆ. ಸುಮಾರು 36,000 ವರ್ಷಗಳ ಹಿಂದಿನ ಆ ಸಿಂಹ, ಘೇಂಡಾಮೃಗ, ಕುದುರೆಗಳನ್ನು ಗೋಡೆಯ ಉಬ್ಬುತಗ್ಗುಗಳ ಸಮೇತ ಪುನರ್‌ರಚಿಸಿದ್ದಾರೆ. ಕುದುರೆಗಳ ಗೋಡೆಯ ಮುಂದೆ ನಿಂತಾಗ ಒಂದರ ಹಿಂದೆ ಒಂದರಂತೆ ಇರುವ ನಾಲ್ಕು ತಲೆಗಳನ್ನು ಗಮನಿಸಿ: ಇದ್ದಿಲಿನ ಕಪ್ಪನ್ನು ಬೆರಳಿನಿಂದ ತೀಡಿ ಕೆನ್ನೆಗೆ ನೆರಳು ಕೊಟ್ಟಿದ್ದಾರೆ, ಕೊನೆಯ ಕುದುರೆಯ ಬಾಯಿ ತುಸು ತೆರೆದಿದೆ. ಒಳಗೆ ಮಾರ್ಗದರ್ಶಿಯೊಡನೆ ಗುಂಪಾಗಿಯೇ ಹೋಗಬೇಕಾದ್ದರಿಂದ ಗಂಟೆ ನಮೂದಾದ ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ಕೊಳ್ಳಿ. ಊರು ತಲಪಿದ ದಿನದ ಮಧ್ಯಾಹ್ನವೇ ಇದನ್ನು ಮುಗಿಸಿ. ಮರುದಿನ ನದಿಯಿಂದ ಕಾಣುವ ಸುಣ್ಣಕಲ್ಲಿನ ಗೋಡೆಗಳು ಆಗ ಬೇರೆಯೇ ಅರ್ಥ ಪಡೆಯುತ್ತವೆ.

ಮೂರನೆಯದು ದೂರದ ಆಯ್ಕೆ. ವಲ್ಲೋಂನಿಂದ ಶಾಮ್ ಎಂಬಲ್ಲಿಗೆ ಸುಮಾರು 8 ಕಿ.ಮೀ., ಕಣಿವೆಯ ಕೊನೆಯ ಸೋಜ್ ತನಕ ಸುಮಾರು 32 ಕಿ.ಮೀ. ಹಿಂದೆಂದೂ ಹುಟ್ಟು ಹಿಡಿಯದವರು 32 ಕಿ.ಮೀ.ಯನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಹಿಡಿಯಕೂಡದು. ಮಧ್ಯಾಹ್ನದ ಎದುರುಗಾಳಿಗೆ ತೋಳು ಸೋಲುತ್ತದೆ, ಮತ್ತು 1980ರಿಂದ ಸಂರಕ್ಷಿತವಾಗಿರುವ ಆ ಕಣಿವೆಯಲ್ಲಿ ಎಲ್ಲೆಂದರಲ್ಲಿ ತಂಗುವಂತಿಲ್ಲ. ಗೋ ಮತ್ತು ಗೂರ್ನಿಯೆ ಎಂಬ ಎರಡು ತಾಣಗಳಲ್ಲಿ ಮಾತ್ರ, ಮುಂಗಡ ಕಾಯ್ದಿರಿಸಿ, ರಾತ್ರಿ ಕಳೆಯಬಹುದು. ಈಜು ಬಾರದವರನ್ನೂ ಏಳು ವರ್ಷದೊಳಗಿನ ಮಕ್ಕಳನ್ನೂ ದೋಣಿಗೆ ಹತ್ತಿಸುವುದಿಲ್ಲ.

ಸಾಮಾನು ತುಂಬುವಾಗ ದೋಣಿಯವರು ಕೊಡುವ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯನ್ನೇ ನಂಬಿ. ಕೊರಳಿಗೆ ತೂಗುಹಾಕುವ ಅಗ್ಗದ ಮೊಬೈಲ್ ಚೀಲಗಳನ್ನು ಕೊಳ್ಳಲೇಬೇಡಿ, ಅವುಗಳ ಅಂಚು ಒಂದು ಮುಳುಗಿಗೇ ಬಿಟ್ಟುಕೊಳ್ಳುತ್ತದೆ. ಡಬ್ಬಿ ಮುಚ್ಚುವ ಮುನ್ನ ಬಾಯಿಯ ಸುತ್ತಲಿನ ರಬ್ಬರ್ ಬಳೆಯನ್ನು ಬೆರಳಿನಿಂದ ಸವರಿ ನೋಡಿ: ಅಲ್ಲಿ ನಾಲ್ಕು ಕಾಳು ಮರಳು ಕೂತಿದ್ದರೂ ನೀರು ಒಸರುತ್ತದೆ. ಪಾಸ್‌ಪೋರ್ಟ್ ವಸತಿಯಲ್ಲೇ ಇರಲಿ. ಡಬ್ಬಿಯನ್ನು ದೋಣಿಗೆ ಬಿಗಿಯಾಗಿ ಕಟ್ಟಿ. ಕಾಲಿಗೆ ಹಿಮ್ಮಡಿ ಮುಚ್ಚುವ ಹಳೆಯ ಶೂ ಬೇಕು; ಹವಾಯಿ ಚಪ್ಪಲಿ ಮೊದಲ ಸೆಳವಿಗೇ ತೇಲಿಹೋಗುತ್ತದೆ, ಜೀನ್ಸ್ ನೀರು ಕುಡಿದು ಭಾರವಾಗುತ್ತದೆ.

ಇನ್ನು ಎಲ್ಲರೂ ಎಡವುವ ಹಂತ. ದೋಣಿ ನೀರಿಗಿಳಿದ ಕೂಡಲೇ ಹೊರಟುಬಿಡಬೇಡಿ. ನಿಂತ ನೀರಿನಲ್ಲಿ ಕಾಲು ಗಂಟೆ ಅಭ್ಯಾಸ ಮಾಡಿ. ತೂಕ ಹೆಚ್ಚಿರುವವರು ಹಿಂದೆ ಕೂರಬೇಕು, ದಿಕ್ಕು ನೋಡಿಕೊಳ್ಳುವುದು ಅವರ ಕೆಲಸ. ಮುಂದಿನವರು ಎದುರು ಬದಿಯಲ್ಲಿ ಒಂದೇ ಲಯದಲ್ಲಿ ಹುಟ್ಟು ಹಾಕುತ್ತ ವೇಗ ಕೊಡಬೇಕು. ಹಿಂದಿನವರು ಬಲಬದಿಯಲ್ಲಿ ಹುಟ್ಟು ಹಿಡಿದಿದ್ದಾರೆ ಎನ್ನಿ: ದೋಣಿಯಿಂದ ದೂರಕ್ಕೆ ಚಾಚಿ ಅಗಲವಾಗಿ ಬೀಸಿ ಎಳೆದರೆ ಮೂತಿ ಎಡಕ್ಕೆ ಹೊರಳುತ್ತದೆ, ಹುಟ್ಟನ್ನು ಹಿಂಭಾಗದಲ್ಲಿ ದೋಣಿಗೆ ತಾಗಿಸಿ ನಿಲ್ಲಿಸಿ ಹೊರಕ್ಕೆ ತಳ್ಳಿದರೆ ಬಲಕ್ಕೆ ಹೊರಳುತ್ತದೆ. ಇವೆರಡನ್ನೇ ಕೈಗೆ ಹತ್ತುವ ತನಕ ಮಾಡಿ. ಗಂಡ-ಹೆಂಡತಿ ಇಬ್ಬರೂ ಏಕಕಾಲಕ್ಕೆ ಬದಿ ಬದಲಿಸುತ್ತ, ‘ಎಡ’, ‘ಬಲ’ ಎಂದು ಕೂಗಾಡುತ್ತ ದೋಣಿಯನ್ನು ಬುಗುರಿಯಂತೆ ಸುತ್ತಿಸುವುದನ್ನು ಆ ದಂಡೆಯಲ್ಲಿ ನಿಂತ ಯಾರಾದರೂ ಕಾಣಬಹುದು. ಮಾತು ಒಬ್ಬರದೇ ಇರಲಿ, ಅದು ಹಿಂದೆ ಕೂತವರದು.

ಆಮೇಲೆ ನೀರನ್ನು ಓದುವುದು. ಕಮಾನಿಗೆ ಮುಂಚೆ ಸಿಗುವ ಶಾರ್ಲಮಾನ್ ಸೆಳವಿಗೆ ಬರುವ ಮೊದಲೇ ಇದು ಗೊತ್ತಿರಬೇಕು. ಎರಡು ಕಡೆಯಿಂದ ನೊರೆ ಸೇರಿ, ನಡುವೆ ನಯವಾದ ನೀರಿನ ನಾಲಗೆ ಮುಂದಕ್ಕೆ ಚೂಪಾಗುತ್ತ ಹೋಗಿದ್ದರೆ ಅದೇ ಆಳದ ದಾರಿ, ಅದರೊಳಗೇ ನುಗ್ಗಿ. ಚೂಪು ತುದಿ ನಿಮ್ಮ ಕಡೆಗಿದ್ದು ನೀರು ಅಲ್ಲಿಂದ ಇಬ್ಭಾಗವಾಗುತ್ತಿದ್ದರೆ ಅಡಿಯಲ್ಲಿ ಬಂಡೆಯಿದೆ. ಸೆಳವಿನೊಳಗೆ ಭಯಕ್ಕೆ ಹುಟ್ಟನ್ನು ಮೇಲೆತ್ತಿಬಿಡುವುದೇ ಮಗುಚಲು ಮುಖ್ಯ ಕಾರಣ. ದೋಣಿ ನೀರಿಗಿಂತ ವೇಗವಾಗಿದ್ದಾಗ ಮಾತ್ರ ಹೇಳಿದಂತೆ ಕೇಳುತ್ತದೆ, ಆದ್ದರಿಂದ ಅಲ್ಲಿ ಇನ್ನಷ್ಟು ಜೋರಾಗಿ ಹುಟ್ಟು ಹಾಕಬೇಕು. ದೋಣಿ ಬಂಡೆಗೆ ಅಡ್ಡಲಾಗಿ ಒತ್ತಿಕೊಂಡರೆ ಮೈಯನ್ನು ಬಂಡೆಯ ಕಡೆಗೇ ವಾಲಿಸಿ. ಹೆದರಿ ಆಚೆ ವಾಲಿದರೆ ಪ್ರವಾಹದ ಬದಿಯ ಅಂಚು ತಗ್ಗಿ ನೀರು ಒಳನುಗ್ಗುತ್ತದೆ.

ಮಗುಚಿದರೂ ಗಾಬರಿ ಬೇಡ. ಅಂಗಾತ ತೇಲುತ್ತ, ಪಾದಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಿ, ದೋಣಿಗಿಂತ ಮೇಲ್ಹರಿವಿನಲ್ಲೇ ಉಳಿಯಿರಿ, ಇಲ್ಲದಿದ್ದರೆ ನೀರು ತುಂಬಿದ ದೋಣಿ ನಿಮ್ಮನ್ನು ಬಂಡೆಗೆ ಅಮುಕುತ್ತದೆ. ಸೆಳವಿನ ನಡುವೆ ನಿಲ್ಲಲು ಮಾತ್ರ ಹೋಗಬೇಡಿ, ಕಲ್ಲಿನ ಸಂದಿಗೆ ಕಾಲು ಸಿಕ್ಕಿಕೊಳ್ಳುವ ಅಪಾಯ ದೊಡ್ಡದು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಸೆಕೆಯೆಂದು ಸಡಿಲಿಸುವವರು ಇದನ್ನು ನೆನಪಿಡಬೇಕು.

ಬೆಳಿಗ್ಗೆ ಬೇಗ ಹೊರಟಿದ್ದರೆ ಪೋಂ ದಾರ್ಕ್ ಕಮಾನಿನ ಬುಡದಲ್ಲಿ ಜನ ವಿರಳ. ನದಿ ತನ್ನದೇ ತಿರುವಿನ ಕುತ್ತಿಗೆಯನ್ನು ಕೊರೆದು ನೇರ ದಾರಿ ಮಾಡಿಕೊಂಡಾಗ ಉಳಿದ ಈ ಕಮಾನು ಸುಮಾರು 54 ಮೀಟರ್ ಎತ್ತರ, 60 ಮೀಟರ್ ಅಗಲ. ಗುಹೆಯಲ್ಲಿ ಸಿಂಹಗಳನ್ನು ಬರೆದವರ ಕಾಲಕ್ಕೆ ಇದು ಆಗಲೇ ಇಲ್ಲಿತ್ತು, ಮೂಲ ಗುಹೆಯೂ ಇಲ್ಲೇ ಸಮೀಪದ ಬಂಡೆಗೋಡೆಯಲ್ಲಿದೆ. ಮರಳಿಗೆ ದೋಣಿ ಎಳೆದು ಅರ್ಧ ಗಂಟೆಯಾದರೂ ಕೂತು ನೋಡಿ. ಬುತ್ತಿಗೆ ಬ್ರೆಡ್ಡು ಮತ್ತು ಈ ಸೀಮೆಯ ಪಿಕೊದೋಂ ಎಂಬ ಮೇಕೆ ಹಾಲಿನ ಚೀಸ್ ಒಗ್ಗುತ್ತದೆ. ಶಾಮ್‌ನಲ್ಲಿ ದೋಣಿಯವರ ವ್ಯಾನು ಕಾದಿರುತ್ತದೆ. ಅದರ ಹೊತ್ತನ್ನು ಹೊರಡುವಾಗಲೇ ಕೇಳಿಟ್ಟುಕೊಳ್ಳಿ.

ಕಾರಿದ್ದರೆ ಅದೇ ಮಧ್ಯಾಹ್ನ ಕಣಿವೆಯ ನೆತ್ತಿಯ ಮೇಲೆ ಸಾಗುವ ಡಿ 290 ರಸ್ತೆ ಹಿಡಿಯಿರಿ. ಇದನ್ನಷ್ಟೇ ನೋಡಿ ನದಿಗಿಳಿಯದೆ ಹೋಗುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ, ಆದರೆ ನದಿಯಾದ ಮೇಲೆ ಇದು ಬೇಕೇ ಬೇಕು. ವಲ್ಲೋಂ ಕಡೆಯಿಂದ ಕಣಿವೆಯ ಕೊನೆಯ ಊರಾದ ಸೆನ್-ಮಾರ್ತೆಂ ಕಡೆಗೆ ಓಡಿಸಿ: ಫ್ರಾನ್ಸಿನಲ್ಲಿ ಗಾಡಿಗಳು ಬಲಕ್ಕೆ ಚಲಿಸುವುದರಿಂದ, ನದಿಯೂ ನೋಟದ ಕಟ್ಟೆಗಳೂ ನಿಮ್ಮ ಬದಿಗೇ ಬಂದು, ಎದುರಿನ ವಾಹನಗಳನ್ನು ಅಡ್ಡಹಾಯದೆ ನಿಲ್ಲಿಸಬಹುದು. ಸೆರ್ ದ ತೂರ್ ಎಂಬ ಕಟ್ಟೆಯಿಂದ ನದಿಯ ದೊಡ್ಡ ತಿರುವೊಂದು ಇಡಿಯಾಗಿ ಕಾಣುತ್ತದೆ, ಅದನ್ನು ತಪ್ಪಿಸಬೇಡಿ.