ನೋವು ಅವನು, ರಕ್ತ ಅವಳು: ಉಕ್ರೇನಿಯನ್ ಲಿಂಗವನ್ನು ನಾನು ಕಲಿತ ಬಗೆ

ವೈದ್ಯಕೀಯ ಓದಲು ಉಕ್ರೇನಿನ ತೆರ್ನೋಪಿಲ್ ನಗರಕ್ಕೆ ಹೋದಾಗ ನಮ್ಮ ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದವು. ಆದರೆ ಮುಂದೆ ವಾರ್ಡಿನಲ್ಲಿ ಎದುರಾಗುವ ರೋಗಿಗಳೊಡನೆ ಅವರ ಭಾಷೆಯಲ್ಲೇ ಮಾತನಾಡಬೇಕಾದ್ದರಿಂದ ಮೊದಲ ವರ್ಷದಿಂದಲೇ ಉಕ್ರೇನಿಯನ್ ಕೂಡ ಒಂದು ಪಠ್ಯವಿಷಯವಾಗಿತ್ತು. ಲಿಪಿ ಹತ್ತು ದಿನಗಳಲ್ಲಿ ಕೈಹಿಡಿಯಿತು. ಬಹುಕಾಲ ಕಾಡಿದ್ದು ನಾಮಪದಗಳ ಲಿಂಗ.

ಕನ್ನಡದಲ್ಲಿಯೂ ಮೂರು ಲಿಂಗಗಳಿವೆ, ಆದರೆ ಅವು ಅರ್ಥದ ಬೆನ್ನಿಗೆ ನಡೆಯುತ್ತವೆ. ಮೇಜು, ಪುಸ್ತಕ, ಕಿಟಕಿ ಎಲ್ಲವೂ ನಮಗೆ 'ಅದು'. ಉಕ್ರೇನಿಯನ್‌ನಲ್ಲಿ ಮೇಜಿಗೆ ಹೇಳುವ 'ಸ್ತಿಲ್' ಅವನು, ಪುಸ್ತಕಕ್ಕೆ ಹೇಳುವ 'ಕ್ನಿಹಾ' ಅವಳು, ಕಿಟಕಿಗೆ ಹೇಳುವ 'ವಿಕ್ನೊ' ಮಾತ್ರ ಅದು. ಹಿಂದಿಯಲ್ಲಿ ರೊಟ್ಟಿ ಹೆಣ್ಣು, ಅನ್ನ ಗಂಡು ಎಂದು ಒದ್ದಾಡಿದವರಿಗೆ ಈ ಸಂಕಟ ಹೊಸದಲ್ಲ. ಆದರೂ ಉಕ್ರೇನಿಯನ್ ಈ ವಿಷಯದಲ್ಲಿ ಹಿಂದಿಗಿಂತ ದಯಾಳು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಪದದ ಕೊನೆಯೇ ಬಹುಪಾಲು ಗುಟ್ಟನ್ನು ಬಿಟ್ಟುಕೊಡುತ್ತದೆ: ವ್ಯಂಜನದಲ್ಲಿ ಮುಗಿದರೆ ಪುಲ್ಲಿಂಗ, 'ಆ' ಅಥವಾ 'ಯಾ' ಬಂದರೆ ಸ್ತ್ರೀಲಿಂಗ, 'ಒ' ಅಥವಾ 'ಎ' ಬಂದರೆ ನಪುಂಸಕ. ಸಮುದ್ರಕ್ಕೆ ಅವರು 'ಮೋರೆ' ಎನ್ನುತ್ತಾರೆ. ಅದು ನಪುಂಸಕವೆಂಬುದನ್ನು ಯಾವ ಕನ್ನಡಿಗನಾದರೂ ಮರೆತಾನೆಯೇ? ತಂದೆ ಎಂಬ ಅರ್ಥದ 'ಬಾತ್ಕೊ', ನದಿಯೂ ನಗರವೂ ಆದ 'ದ್ನಿಪ್ರೊ' ಇಂಥ ಕೆಲವು ಪದಗಳು 'ಒ'ಕಾರಾಂತವಾಗಿದ್ದರೂ ಪುಲ್ಲಿಂಗವೇ.

ಗೆಳೆಯರು ನೀಲಿ, ಕೆಂಪು, ಹಸಿರು ಶಾಯಿಯಲ್ಲಿ ಪದಗಳನ್ನು ಬರೆದುಕೊಳ್ಳುತ್ತಿದ್ದರು. ನಾನೂ ಒಂದು ವಾರ ಹಾಗೆ ಮಾಡಿ ಕೈಬಿಟ್ಟೆ, ಏಕೆಂದರೆ ಮಾತನಾಡುವಾಗ ಬಣ್ಣ ನೆನಪಿಗೆ ಬರಲಿಲ್ಲ. ಅದರ ಬದಲು ಯಾವ ನಾಮಪದವನ್ನೂ ಒಂಟಿಯಾಗಿ ಬರೆಯದೆ, 'ನನ್ನ' ಎಂಬುದರ ಮೂರು ರೂಪಗಳಾದ 'ಮಿಯ್', 'ಮೊಯಾ', 'ಮೊಯೆ'ಗಳಲ್ಲಿ ಒಂದನ್ನು ಮುಂದಿಟ್ಟು ಗಟ್ಟಿಯಾಗಿ ಹೇಳತೊಡಗಿದೆ: ನನ್ನ ಹೊಟ್ಟೆ 'ಮಿಯ್ ಝಿವಿತ್', ನನ್ನ ತಲೆ 'ಮೊಯಾ ಹೊಲೊವಾ', ನನ್ನ ಗಂಟಲು 'ಮೊಯೆ ಹೋರ್ಲೊ'.

ನಿಜವಾದ ಕಷ್ಟವಿದ್ದದ್ದು ಮೃದು ವ್ಯಂಜನದಲ್ಲಿ, ಅಂದರೆ 'ಯ್' ಛಾಯೆ ಬೆರೆತ ವ್ಯಂಜನದಲ್ಲಿ, ಮುಗಿಯುವ ಪದಗಳಲ್ಲಿ. ಉಪ್ಪು 'ಸಿಲ್', ನೋವು 'ಬಿಲ್'. ಎರಡೂ ಕಿವಿಗೆ ಅವಳಿಗಳು, ಆದರೆ ಉಪ್ಪು ಹೆಣ್ಣು, ನೋವು ಗಂಡು. ಒಮ್ಮೆ ವಾರ್ಡಿನಲ್ಲಿ ವೃದ್ಧೆಯೊಬ್ಬರನ್ನು 'ನೋವು ಎಂಥದ್ದು' ಎಂದು ಕೇಳಲು ಹೋಗಿ, 'ಯಕಾ ಉ ವಾಸ್ ಬಿಲ್?' ಎಂದೆ. ಹೊಟ್ಟೆ ಹಿಡಿದುಕೊಂಡು ಮಲಗಿದ್ದ ಆಕೆ ಉತ್ತರ ಕೊಡುವ ಮುನ್ನ 'ಯಕಿಯ್' ಎಂದು ನನ್ನನ್ನು ತಿದ್ದಿದರು. ನಾಮಪದ ಬಾಯಿಗೆ ಬರುವ ಮೊದಲೇ ಪ್ರಶ್ನಾರ್ಥಕ ಪದ ಅದರ ಲಿಂಗವನ್ನು ಬಯಲು ಮಾಡುವುದರಿಂದ ತಪ್ಪನ್ನು ಮುಚ್ಚಿಕೊಳ್ಳಲು ಅವಕಾಶವೇ ಇರಲಿಲ್ಲ. ತಪ್ಪಿನ ಮೂಲ ನನ್ನ ಟಿಪ್ಪಣಿ ಪುಸ್ತಕದಲ್ಲಿತ್ತು; ರಷ್ಯನ್ ಕಲಿತಿದ್ದ ಹಿರಿಯ ವಿದ್ಯಾರ್ಥಿಯೊಬ್ಬರಿಂದ ನಾನು ಪದಗಳನ್ನು ಇಳಿಸಿಕೊಂಡಿದ್ದೆ, ರಷ್ಯನ್‌ನಲ್ಲಿ ನೋವು ಸ್ತ್ರೀಲಿಂಗ. ದಡಾರ ಮತ್ತು 'ಸ್ತೆಪ್' ಎಂಬ ಬಯಲು ಹುಲ್ಲುಗಾವಲು ಕೂಡ ಅಲ್ಲಿ ಹೆಣ್ಣು, ಇಲ್ಲಿ ಗಂಡು.

ಆಮೇಲೆ ನಾನು ಕಂಡುಕೊಂಡ ಉಪಾಯ 'ಬೆಜ್'. 'ಇಲ್ಲದೆ' ಎಂಬ ಅರ್ಥದ ಈ ಪದದ ಮುಂದೆ ನಾಮಪದ ಷಷ್ಠಿಗೆ ತಿರುಗುತ್ತದೆ, ಆಗ ಅವಳಿಗಳ ಮುಖ ಬೇರೆಯಾಗುತ್ತದೆ. ಈ ಗುಂಪಿನ ಸ್ತ್ರೀಲಿಂಗ ಪದಗಳು 'ಇ'ಕಾರಕ್ಕೆ, ಪುಲ್ಲಿಂಗ ಪದಗಳು 'ಯು' ಅಥವಾ 'ಯಾ'ಗೆ ತಿರುಗುತ್ತವೆ. ರಕ್ತದೊತ್ತಡವಿರುವವರಿಗೆ ಉಪ್ಪಿಲ್ಲದ ಊಟ ಹೇಳುವಾಗ 'ಬೆಜ್ ಸೋಲಿ', ಕೆಮ್ಮಿನಲ್ಲಿ ರಕ್ತವಿಲ್ಲ ಎನ್ನುವಾಗ 'ಬೆಜ್ ಕ್ರೋವಿ', ನೋವಿಲ್ಲದೆ ಎನ್ನುವಾಗ 'ಬೆಜ್ ಬೋಲ್ಯು', ಬೆರಳು ಕಳೆದುಕೊಂಡವನ ಬಗ್ಗೆ 'ಬೆಜ್ ಪಾಲ್ತ್ಸ್ಯಾ'. ವೈದ್ಯರ ಮಾತಿನಲ್ಲಿ 'ಇದಿಲ್ಲ, ಅದಿಲ್ಲ' ಎನ್ನುವುದೇ ಅರ್ಧವಾದ್ದರಿಂದ ಅಭ್ಯಾಸಕ್ಕೆ ಕೊರತೆಯಾಗಲಿಲ್ಲ. ಭಾವವಾಚಕದ '-ಇಸ್ತ್' ಪ್ರತ್ಯಯವಿರುವ ಪದಗಳನ್ನು ಮಾತ್ರ ಹೀಗೆ ಪರೀಕ್ಷಿಸಬೇಕಿಲ್ಲ. ಗರ್ಭಧಾರಣೆಯ 'ವಹಿತ್ನಿಸ್ತ್' ಆಗಲಿ, ಹೃದಯ ವೈಫಲ್ಯದ 'ನೆದೊಸ್ತಾತ್ನಿಸ್ತ್' ಆಗಲಿ ಎಲ್ಲವೂ ಸ್ತ್ರೀಲಿಂಗ. ಅತಿಥಿ ಎಂಬ ಅರ್ಥದ 'ಹಿಸ್ತ್' ಪುಲ್ಲಿಂಗ, ಏಕೆಂದರೆ ಅಲ್ಲಿರುವುದು ಪ್ರತ್ಯಯವಲ್ಲ.

ಮಕ್ಕಳ ವಿಭಾಗದಲ್ಲಿ ಕನ್ನಡವೇ ನನಗೆ ಅಡ್ಡ ಬಂತು. ನಮ್ಮಲ್ಲಿ ಮಗು 'ಅತ್ತಿತು'; ಅಲ್ಲಿ 'ದಿತೀನಾ' ಎಂಬ ಪದ ಸ್ತ್ರೀಲಿಂಗವಾದ್ದರಿಂದ ತಾಯಿ ತನ್ನ ಗಂಡುಮಗುವಿನ ಬಗ್ಗೆಯೂ ರಾತ್ರಿಯೆಲ್ಲ 'ಅತ್ತಳು' ಎಂದೇ ಹೇಳುತ್ತಾಳೆ. ಎಳೆಗೂಸಿಗಿರುವ 'ನೆಮೊವ್ಲ್ಯಾ' ಎಂಬ ಇನ್ನೊಂದು ಪದ, 'ಯಾ'ದಲ್ಲಿ ಮುಗಿದರೂ, ನಪುಂಸಕ.

ನನ್ನ ಬಗ್ಗೆ ನಾನೇ ಹೇಳಿಕೊಳ್ಳುವಾಗಲೂ ಎಡವಿದೆ. ಕನ್ನಡದಲ್ಲಿ 'ನಾನು ಮರೆತೆ' ಎಂದರೆ ಹೇಳಿದವರು ಗಂಡೋ ಹೆಣ್ಣೋ ತಿಳಿಯದು. ಉಕ್ರೇನಿಯನ್‌ನಲ್ಲಿ ಗಂಡಸು 'ಜಬೂವ್', ಹೆಂಗಸು 'ಜಬೂಲಾ' ಎನ್ನಬೇಕು. ಪಾಠ ಹೇಳುತ್ತಿದ್ದ ಅಧ್ಯಾಪಕಿಯ ಮಾತನ್ನೇ ಅನುಕರಿಸುತ್ತ ನಾನು ಎರಡು ವಾರ ಹೆಣ್ಣಾಗಿಯೇ ಮರೆಯುತ್ತಿದ್ದೆ.

ವೈದ್ಯ ಎಂಬರ್ಥದ 'ಲೀಕರ್' ಪುಲ್ಲಿಂಗ. 2019ರ ಹೊಸ ಕಾಗುಣಿತ ನಿಯಮಗಳು 'ಲೀಕರ್ಕಾ' ಮಾದರಿಯ ಸ್ತ್ರೀರೂಪಗಳಿಗೆ ಜಾಗ ಕೊಟ್ಟಿವೆ, ನನ್ನ ಸಹಪಾಠಿ ಹುಡುಗಿಯರು ಅದನ್ನೇ ಬಳಸುತ್ತಿದ್ದರು. ವಯಸ್ಸಾದ ರೋಗಿಗಳು ಮಾತ್ರ ಹಳೆಯ ಪದವನ್ನು ಬಿಡದೆ 'ಲೀಕರ್ ಪ್ರಿಯ್ಶ್ಲಾ' ಎನ್ನುತ್ತಿದ್ದರು: ನಾಮಪದ ಗಂಡು, ಬಂದದ್ದು ಹೆಣ್ಣು. 'ಡಾಕ್ಟರ್ ಬಂದಳು' ಎಂದು ಕೇಳಿ ಬೆಳೆದ ನನಗೆ ಆ ಒಂದು ವಾಕ್ಯವನ್ನು ಯಾರೂ ಕಲಿಸಬೇಕಾಗಲಿಲ್ಲ.