ಕನೆಕ್ಷನ್ ಪೂಲ್ 50ರಿಂದ 5ಕ್ಕೆ ಇಳಿದದ್ದು

ಜೂನ್ ಮೊದಲ ವಾರ. ಶಾಲಾ ಶುಲ್ಕ ಕಟ್ಟಿಸಿಕೊಳ್ಳುವ ನಮ್ಮ ಸೇವೆಗೆ ವರ್ಷದಲ್ಲೇ ಅತಿ ಹೆಚ್ಚು ಜನ ಬರುವ ಹೊತ್ತು. ಶುಲ್ಕ ಕಟ್ಟುವ ಕೊನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಲಾಗ್ ತುಂಬ ಒಂದೇ ಸಾಲು: ಡೇಟಾಬೇಸ್ ಕನೆಕ್ಷನ್ ಸಿಗುತ್ತಿಲ್ಲ, 30000 ಮಿಲಿಸೆಕೆಂಡ್ ಕಾದು ರಿಕ್ವೆಸ್ಟ್ ಟೈಮ್‌ಔಟ್. ಸಪೋರ್ಟ್‌ಗೆ ಪೋಷಕರ ಫೋನ್ ಮೇಲೆ ಫೋನ್: ‘ದುಡ್ಡು ಕಟ್ ಆಗಿದೆ, ರಸೀದಿ ಬಂದಿಲ್ಲ.’

ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಬರೆದ ಅಪ್ಲಿಕೇಶನ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ನಡುವೆ ಹಿಕಾರಿ ಪೂಲ್, ಅಂದರೆ ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಂಡು ಕೇಳಿದವರಿಗೆ ಕೊಟ್ಟು ವಾಪಸ್ ಪಡೆಯುವ ಲೈಬ್ರರಿ. ಪೂಲಿನ ಸೆಟ್ಟಿಂಗ್ ಯಾರೂ ಮುಟ್ಟಿರಲಿಲ್ಲ. ಹಿಕಾರಿಯ ಡೀಫಾಲ್ಟ್ ಆದ 10 ಕನೆಕ್ಷನ್, 30 ಸೆಕೆಂಡ್ ಕಾಯುವ ಮಿತಿ ಹಾಗೇ ಇದ್ದವು. 10 ಸಾಲುತ್ತಿಲ್ಲ ಅಂತ 50 ಮಾಡಿದೆ. ನಾಲ್ಕು ಸರ್ವರ್, ಒಟ್ಟು 200. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಿತಿಯೇ 100, ಅದರಲ್ಲೂ 3 ಸೂಪರ್‌ಯೂಸರ್‌ಗೆ ಮೀಸಲು. ಎರಡನೇ ಸರ್ವರ್ ಮೇಲೇಳುವಾಗಲೇ ಡೇಟಾಬೇಸ್ ಹೊಸ ಕನೆಕ್ಷನ್ ಕೊಡುವುದನ್ನು ನಿಲ್ಲಿಸಿತು. ಆ ಮಿತಿಯನ್ನೂ 300ಕ್ಕೆ ಏರಿಸಿ ರೀಸ್ಟಾರ್ಟ್ ಮಾಡಿದೆವು. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ನೂ ಒಂದೊಂದು ಪ್ರೊಸೆಸ್. ನಮ್ಮ ಡೇಟಾಬೇಸ್ ಇದ್ದದ್ದು 4 ಕೋರ್‌ನ ಯಂತ್ರದಲ್ಲಿ, ಅಂದರೆ ಒಮ್ಮೆಗೆ ನಾಲ್ಕು ಪ್ರೊಸೆಸ್‌ಗಷ್ಟೇ ಕೆಲಸ. ಅಲ್ಲಿಯವರೆಗೆ ಚುರುಕಾಗಿದ್ದ ಸಣ್ಣ ಕ್ವೆರಿಗಳೂ ಎಳೆದಾಡತೊಡಗಿದವು. ಪಾವತಿಗಳು ಮಾತ್ರ ಮೊದಲಿನಂತೆಯೇ ಸಿಕ್ಕಿಹಾಕಿಕೊಂಡಿದ್ದವು.

ಸಂಜೆ ನಮ್ಮ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಮೇಡಂ ಬಂದು ಪಕ್ಕದಲ್ಲಿ ಕೂತರು. ‘ಸಂಖ್ಯೆ ಆಮೇಲೆ ನೋಡೋಣ. ಈ ಕನೆಕ್ಷನ್‌ಗಳು ಏನ್ ಮಾಡ್ತಾ ಇವೆ ಅಂತ ಮೊದ್ಲು ನೋಡಿ’ ಅಂತ, ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ನಿನ ಸ್ಥಿತಿ ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ತೆರೆದರು. ಹೆಚ್ಚಿನ ಸಾಲುಗಳ ಎದುರು ‘ಐಡಲ್ ಇನ್ ಟ್ರಾನ್ಸಾಕ್ಷನ್’. ಅಂದರೆ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗುವ, ಇಲ್ಲವಾದರೆ ಎಲ್ಲವೂ ರದ್ದಾಗುವ ಬದಲಾವಣೆಗಳ ಗುಂಪು) ತೆರೆದಿದೆ, ಡೇಟಾಬೇಸ್‌ಗೆ ಕೆಲಸ ಕೊಟ್ಟಿಲ್ಲ. ಕೆಲವು 2 ಸೆಕೆಂಡ್‌ನಿಂದ ಹಾಗಿದ್ದವು, ಕೆಲವು 4, ಒಂದೆರಡು 30ರ ಹತ್ತಿರ. ಆ 30ರವು ಯಾಕೆ ಹಾಗೆ ಅಂತ ಅವತ್ತೇ ಕೇಳಬೇಕಿತ್ತು, ಕೇಳಲಿಲ್ಲ.

ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತವನು ಉಣ್ಣದೆ ಫೋನಿನಲ್ಲಿ ಮಾತಾಡುತ್ತಿದ್ದರೆ ಹಿಂದೆ ನಿಂತವರಿಗೆ ಎಲೆ ಸಿಗುವುದಿಲ್ಲ. ನಾನು ಎಲೆ ಹೆಚ್ಚಿಸುತ್ತಾ ಹೋಗಿದ್ದೆ. ಬಡಿಸುವವರು, ಅಂದರೆ ಕೋರ್‌ಗಳು, ಇದ್ದದ್ದು ನಾಲ್ಕೇ ಜನ.

ಕೋಡ್ ತೆಗೆದು ನೋಡಿದರೆ, ಶುಲ್ಕ ಕಟ್ಟುವ ಇಡೀ ಮೆಥಡ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿತ್ತು. ಪಾವತಿಯ ದಾಖಲೆ ಸೇರಿಸು, ಪೇಮೆಂಟ್ ಗೇಟ್‌ವೇಗೆ ಕರೆ ಮಾಡು, ಉತ್ತರ ಬಂದ ಮೇಲೆ ಅಪ್‌ಡೇಟ್ ಮಾಡು. ಗೇಟ್‌ವೇ ಉತ್ತರಿಸಲು 3 ಸೆಕೆಂಡ್ ಹಿಡಿದರೆ ಅಷ್ಟು ಹೊತ್ತೂ ಕನೆಕ್ಷನ್ ಕೈಯಲ್ಲೇ. ಲೆಕ್ಕ ಹಾಕಿ: 10 ಕನೆಕ್ಷನ್, ತಲಾ 3 ಸೆಕೆಂಡ್, ಅಂದರೆ ಒಂದು ಸರ್ವರ್‌ಗೆ ಸೆಕೆಂಡಿಗೆ ಮೂರೇ ಪಾವತಿ. ಅದೇ ಡೇಟಾಬೇಸ್ ಕೆಲಸ ಮಾತ್ರ ಅಳೆದರೆ 15 ಮಿಲಿಸೆಕೆಂಡ್ ಆಸುಪಾಸು. ಅಷ್ಟೇ ಹೊತ್ತು ಹಿಡಿದುಕೊಂಡರೆ ಅದೇ 10 ಕನೆಕ್ಷನ್‌ನಲ್ಲಿ ಸೆಕೆಂಡಿಗೆ 600ಕ್ಕೂ ಮೇಲೆ.

ಮೆಥಡ್ ಒಡೆದೆ. ಮೊದಲ ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ ‘ಬಾಕಿ’ ಅಂತ ದಾಖಲೆ ಬರೆದು ಕಮಿಟ್, ಅಂದರೆ ಖಾಯಂ. ಕನೆಕ್ಷನ್ ಇಲ್ಲದೆ ಗೇಟ್‌ವೇ ಕರೆ. ಇನ್ನೊಂದು ಚಿಕ್ಕ ಟ್ರಾನ್ಸಾಕ್ಷನ್‌ನಲ್ಲಿ ಸ್ಥಿತಿ ಬದಲಾವಣೆ. ನಡುವೆ ಸರ್ವರ್ ಬಿದ್ದರೆ ಬಾಕಿ ಉಳಿದವನ್ನು ಗೇಟ್‌ವೇಯಲ್ಲಿ ವಿಚಾರಿಸಿ ಸರಿಮಾಡುವ ಒಂದು ಜಾಬ್, ಐದು ನಿಮಿಷಕ್ಕೊಮ್ಮೆ. ಒಂದೇ ಕ್ಲಾಸಿನೊಳಗಿನ ಮೆಥಡ್ ಕರೆದರೆ ಅದರ ಮೇಲೆ ಹಾಕಿದ ಸ್ಪ್ರಿಂಗ್‌ನ ಟ್ರಾನ್ಸಾಕ್ಷನಲ್ ಅನೊಟೇಷನ್ (ಇಲ್ಲಿ ಟ್ರಾನ್ಸಾಕ್ಷನ್ ಬೇಕು ಅನ್ನುವ ಗುರುತು) ಕೆಲಸ ಮಾಡುವುದಿಲ್ಲ, ಹಾಗಾಗಿ ಕೋಡ್‌ನಲ್ಲೇ ಟ್ರಾನ್ಸಾಕ್ಷನ್ ಶುರುಮಾಡಿ ಮುಗಿಸುವ ಟ್ರಾನ್ಸಾಕ್ಷನ್ ಟೆಂಪ್ಲೇಟ್ ಬಳಸಿದೆ.

ಇಷ್ಟಾದರೂ ರಿಕ್ವೆಸ್ಟ್‌ಗಳು ಕನೆಕ್ಷನ್ ಬಿಡುತ್ತಿರಲಿಲ್ಲ. ಕನೆಕ್ಷನ್ ಹೆಚ್ಚು ಹೊತ್ತು ಹಿಡಿದವರನ್ನು ತೋರಿಸುವ ಹಿಕಾರಿಯ ಲೀಕ್ ಪತ್ತೆಯನ್ನು 2 ಸೆಕೆಂಡ್‌ಗೆ ಇಟ್ಟಾಗ ಸ್ಟ್ಯಾಕ್ ಟ್ರೇಸ್ (ಒಂದನ್ನೊಂದು ಕರೆದ ಮೆಥಡ್‌ಗಳ ಪಟ್ಟಿ) ಬಂತು: ಅದೇ ಪಾವತಿಯ ರಿಕ್ವೆಸ್ಟ್. ಕಾರಣ ಸ್ಪ್ರಿಂಗ್ ಬೂಟ್‌ನ ‘ಓಪನ್ ಇನ್ ವ್ಯೂ’. ಡೀಫಾಲ್ಟ್ ಆಗಿ ಆನ್ ಇರುತ್ತದೆ, ರಿಕ್ವೆಸ್ಟ್ ಮುಗಿಯುವವರೆಗೂ ಡೇಟಾಬೇಸ್ ಜೊತೆ ಮಾತಾಡುವ ಹೈಬರ್ನೇಟ್ ಲೈಬ್ರರಿಯ ಸೆಷನ್ ತೆರೆದಿರುತ್ತದೆ, ಒಮ್ಮೆ ತೆಗೆದುಕೊಂಡ ಕನೆಕ್ಷನ್ ಅದರ ಜೊತೆಗೇ ಉಳಿಯುತ್ತದೆ. ಆಫ್ ಮಾಡಿದೆ. ಲೇಜಿ ಲೋಡಿಂಗ್ (ಬೇಕಾದಾಗಷ್ಟೇ ಡೇಟಾ ತರುವುದು) ನಂಬಿಕೊಂಡಿದ್ದ ಏಳೆಂಟು ಪುಟ ಮುರಿದವು, ಅವನ್ನು ಸರಿಪಡಿಸಲು ಒಂದು ವಾರ ಹೋಯಿತು.

ಆಮೇಲೆ ಪೂಲನ್ನು 5ಕ್ಕೆ ಇಳಿಸಿ ಲೋಡ್ ಟೆಸ್ಟ್ ಹಾಕಿದೆ. ಎರಡೇ ನಿಮಿಷದಲ್ಲಿ ಎಲ್ಲ ಸ್ತಬ್ಧ. ಡೇಟಾಬೇಸ್‌ನ ಸಿಪಿಯು ಸುಮ್ಮನೆ ಕೂತಿದೆ, ಐದೂ ಕನೆಕ್ಷನ್ ಬಳಕೆಯಲ್ಲಿವೆ, ಒಂದೂ ಮುಂದೆ ಹೋಗುತ್ತಿಲ್ಲ. ರಿಕ್ವೆಸ್ಟ್ ನಡೆಸುವ ಥ್ರೆಡ್‌ಗಳು ಎಲ್ಲಿ ನಿಂತಿವೆ ಅಂತ ತೋರಿಸುವ ಥ್ರೆಡ್ ಡಂಪ್ ತೆಗೆದಾಗ ಐದೂ ಥ್ರೆಡ್ ಒಂದೇ ಕಡೆ ನಿಂತಿದ್ದವು: ಏನೇನು ನಡೆಯಿತು ಅನ್ನುವ ಆಡಿಟ್ ಲಾಗ್ ಬರೆಯುವಲ್ಲಿ. ಪಾವತಿ ವಿಫಲವಾದರೂ ಆಡಿಟ್ ಉಳಿಯಲಿ ಅಂತ ಅದಕ್ಕೆ ‘ರಿಕ್ವೈರ್ಸ್ ನ್ಯೂ’, ಅಂದರೆ ತನ್ನದೇ ಹೊಸ ಟ್ರಾನ್ಸಾಕ್ಷನ್, ಹಾಕಿತ್ತು. ಹೊರಗಿನ ಟ್ರಾನ್ಸಾಕ್ಷನ್ ಒಂದು ಕನೆಕ್ಷನ್ ಹಿಡಿದಿರುವಾಗಲೇ ಒಳಗಿನದು ಇನ್ನೊಂದು ಕೇಳುತ್ತದೆ. ಐವರೂ ಒಂದೊಂದು ಹಿಡಿದುಕೊಂಡು ಇನ್ನೊಂದಕ್ಕಾಗಿ ಪರಸ್ಪರ ಕಾಯುತ್ತಿದ್ದರು.

ಜೂನ್‌ನ ಆ 30 ಸೆಕೆಂಡ್ ಇವೇ. ಗೇಟ್‌ವೇ ದುಡ್ಡು ತೆಗೆದುಕೊಂಡಾಗಿದೆ, ಆಡಿಟ್‌ಗೆ ಕನೆಕ್ಷನ್ ಸಿಗದೆ ಎಕ್ಸೆಪ್ಷನ್ ಬಂದಿದೆ, ಇಡೀ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್. ದುಡ್ಡು ಹೋದದ್ದರ ಗುರುತೇ ನಮ್ಮ ಟೇಬಲ್‌ನಲ್ಲಿಲ್ಲ. ಪೋಷಕರು ಫೋನ್ ಮಾಡಿ ಹೇಳುತ್ತಿದ್ದುದು ಅಕ್ಷರಶಃ ನಿಜ. ಇದು ಅರ್ಥವಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೂಲ್ ದೊಡ್ಡದು ಮಾಡಿ ಇದರಿಂದ ತಪ್ಪಿಸಿಕೊಳ್ಳಬಹುದು, ಆದರೆ ಬೆಲೆ ನೋಡಿ: ಥ್ರೆಡ್‌ಗಳ ಸಂಖ್ಯೆಯನ್ನು, ಒಬ್ಬೊಬ್ಬರಿಗೆ ಬೇಕಾದ ಕನೆಕ್ಷನ್‌ನಲ್ಲಿ ಒಂದು ಕಳೆದು ಬಂದದ್ದರಿಂದ ಗುಣಿಸಿ, ಒಂದು ಕೂಡಿಸಬೇಕು. ಸ್ಪ್ರಿಂಗ್ ಬೂಟ್‌ನೊಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ 200 ಥ್ರೆಡ್‌ಗೆ ತಲಾ ಎರಡರಂತೆ 201. ಅದರ ಬದಲು ಆಡಿಟ್ ಕರೆಯನ್ನೇ ಟ್ರಾನ್ಸಾಕ್ಷನ್‌ನ ಹೊರಗೆ ಸರಿಸಿದೆ.

ಈಗ ಸರ್ವರ್‌ಗೆ 5ರಂತೆ ಒಟ್ಟು 20. ಕೋರ್‌ಗಳ ಎರಡರಷ್ಟಕ್ಕೆ ಡಿಸ್ಕ್ ಸಂಖ್ಯೆ ಕೂಡಿಸುವ ಹಳೆಯ ಸೂತ್ರದಂತೆ 4 ಕೋರ್, ಒಂದು ಡಿಸ್ಕ್‌ನ ನಮ್ಮ ಯಂತ್ರಕ್ಕೆ 9 ಬರುತ್ತದೆ. ಟೆಸ್ಟ್‌ನಲ್ಲಿ 20ಕ್ಕಿಂತ ಹೆಚ್ಚಿಟ್ಟರೆ ನಮಗೆ ಲಾಭ ಕಾಣಲಿಲ್ಲ, ಅಲ್ಲಿಗೇ ನಿಲ್ಲಿಸಿದೆ. ಕಾಯುವ ಮಿತಿ 3 ಸೆಕೆಂಡ್. ಪೋಸ್ಟ್‌ಗ್ರೆಸ್‌ನಲ್ಲಿ ಸುಮ್ಮನೆ ಕೂತ ಟ್ರಾನ್ಸಾಕ್ಷನ್‌ಗೆ 10 ಸೆಕೆಂಡ್ ಗಡುವು.

ಮುಂದಿನ ಜೂನ್‌ನಲ್ಲಿ ಶುಲ್ಕ ಕಟ್ಟುವ ಕೊನೆಯ ದಿನ ಮೇಡಂ, ನಾನು ಒಂದೇ ಗ್ರಾಫ್ ನೋಡುತ್ತಾ ಕೂತಿದ್ದೆವು, ಕನೆಕ್ಷನ್‌ಗಾಗಿ ಕಾಯುವ ಥ್ರೆಡ್‌ಗಳದ್ದು. ಹನ್ನೊಂದು ಗಂಟೆಗೆ ಒಮ್ಮೆ 6ಕ್ಕೆ ಏರಿ ಇಳಿಯಿತು. ಯಾವುದೋ ಶಾಲೆಯವರು ಇಡೀ ವರ್ಷದ ವರದಿ ಡೌನ್‌ಲೋಡ್ ಮಾಡಿದ್ದರು. ಮರುದಿನವೇ ವರದಿಗಳಿಗೆ 2 ಕನೆಕ್ಷನ್‌ನ ಬೇರೆ ಪೂಲ್ ಮಾಡಿಟ್ಟೆ.