ಕಿರುಚಿತ್ರಕ್ಕೆ ಪಾತ್ರ ಬರೆಯುತ್ತಿದ್ದೀರಾ? ಅಚ್ಚಿನ ಗೊಂಬೆ ಬೇಡ

ತೆರೆಯ ಮೇಲೆ ನಮ್ಮ ಕಾಸರಗೋಡು ಕಡೆಯವರು ಬಂದರೆ ನನಗೆ ಮೊದಲು ಭಯವೇ ಆಗುತ್ತದೆ. ಮಲಯಾಳಿ ಅಂದರೆ ಚಹಾ ಅಂಗಡಿ, ಭಟ್ಟರು ಅಂದರೆ ಅಡುಗೆ, ಕರಾವಳಿಯವರು ಅಂದರೆ ‘ಎಂತ ಮಾರಾಯ’ ಅಂತ ಎಳೆದು ಮಾತಾಡಿ ನಗಿಸುವವರು. ಇಷ್ಟೇನಾ ನಾವು?

ಬರೆದ ಪಾತ್ರದಿಂದ ಜಾತಿ, ಊರು, ಭಾಷೆ ಮೂರನ್ನೂ ಅಳಿಸಿ ಓದಿ ನೋಡಿ. ಏನೂ ಉಳಿಯದಿದ್ದರೆ ಅದು ಬರೀ ಲೇಬಲ್. ಅವರಿಗೊಂದು ಆಸೆ ಕೊಡಿ, ರಾತ್ರಿ ನಿದ್ದೆ ಕೆಡಿಸುವ ಒಂದು ಚಿಂತೆ ಕೊಡಿ.

ಮಾತಿನ ವಿಷಯದಲ್ಲಿ ಜಾಸ್ತಿ ಹೊತ್ತು ಕೂರಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಆದರೆ ಅದರಿಂದ ಮನೆಯೊಳಗಿನ ಮಾತು ಬದಲಾಗಲಿಲ್ಲ, ಅಲ್ವಾ? ಅಲ್ಲಿನ ಕುಂಬಳೆಯಲ್ಲಿ ಒಬ್ಬರೇ ಮನುಷ್ಯ ಅಮ್ಮನ ಹತ್ತಿರ ತುಳು, ಮೇಷ್ಟ್ರ ಹತ್ತಿರ ಕನ್ನಡ, ಬಸ್ ಕಂಡಕ್ಟರ್ ಹತ್ತಿರ ಮಲಯಾಳ, ಮೀನು ಮಾರುಕಟ್ಟೆಯಲ್ಲಿ ಬ್ಯಾರಿ ಮಾತಾಡಿ ಸಂಜೆ ಮನೆಗೆ ಬರಬಹುದು. ಪಾತ್ರಕ್ಕೆ ಒಂದೇ ಭಾಷೆ ಅಂಟಿಸಬೇಡಿ. ಯಾರ ಎದುರು ಯಾವ ಮಾತು ಅನ್ನೋದನ್ನು ಸ್ಕ್ರಿಪ್ಟಿನ ಬದಿಯಲ್ಲೇ ಬರೆದಿಡಿ. ಉಚ್ಚಾರಣೆಯನ್ನೇ ತಮಾಷೆ ಮಾಡಿದ ಸಾಲು ಇದ್ದರೆ ಹೊಡೆದು ಹಾಕಿ.

ಹೆಂಗಸರ ಪಾತ್ರಕ್ಕೆ ಅಮೆರಿಕದ ಕಾರ್ಟೂನಿಸ್ಟ್ ಆಲಿಸನ್ ಬೆಕ್ಡೆಲ್ 1985ರ ಕಾಮಿಕ್ಸಿನಲ್ಲಿ ತಂದ ಪರೀಕ್ಷೆ ಇದೆ. ಚಿತ್ರದಲ್ಲಿ ಇಬ್ಬರು ಹೆಂಗಸರಿದ್ದಾರಾ, ಒಬ್ಬರಿಗೊಬ್ಬರು ಮಾತಾಡುತ್ತಾರಾ, ಗಂಡಸಿನ ವಿಷಯ ಬಿಟ್ಟು ಬೇರೇನಾದರೂ? ಬೀಡಿ ಕಟ್ಟುವ ಇಬ್ಬರನ್ನು ಕೂರಿಸಿ, ಕೂಲಿಯ ಬಗ್ಗೆ ಮಾತಾಡಿಸಿ.

ಶೂಟಿಂಗಿಗೆ ಮೊದಲು ಆ ಸಮುದಾಯದವರಿಗೇ ಸ್ಕ್ರಿಪ್ಟ್ ಓದಿ ಹೇಳಿ. ಸುಮ್ನೆ ಕೇಳಿಸಿಕೊಳ್ಳಿ, ವಾದ ಮಾಡಬೇಡಿ. ಅವರ ಮುಖದ ನಗು ಎಲ್ಲಿ ನಿಂತಿತೋ ಆ ಸಾಲಿಗೆ ಗುರುತು ಹಾಕಿ, ಮತ್ತೆ ಬರೆಯಿರಿ.